ನಮ್ಮೂರಿಗೆ ಬೀಡಿ ಬಂದದ್ದು, ಹೋದದ್ದು

ಸುವರ್ಣ ಮಹೋತ್ಸವ ಸಮಿತಿಯ ಎರಡನೆಯ ಸಭೆಯಲ್ಲಿ ಚಹಾ ಬರುವ ಮೊದಲೇ ಜಗಳ ಬಂತು. ದಾನಿಗಳ ಪಟ್ಟಿ ಓದುತ್ತಿದ್ದಾಗ ಯಾರೋ, "ಮೊದಲಾದರೆ ಬೀಡಿ ಬ್ರಾಂಚಿನವರೇ ಏನಾದರೂ ಕೊಡುತ್ತಿದ್ದರು, ಈಗ ಬ್ರಾಂಚೇ ಇಲ್ಲ" ಎಂದರು. ಅಲ್ಲಿಂದ ಶುರು. "ಬೀಡಿಯನ್ನು ಮುಗಿಸಿದ್ದು ನಿಮ್ಮ ಜಿ.ಎಸ್.ಟಿ." ಎಂದರು ಹಳೆ ಬ್ಯಾಚಿನವರೊಬ್ಬರು. "ಪೊಟ್ಟಣದ ಮೇಲೆ ರೋಗದ ಚಿತ್ರ ಹಾಕಿಸಿದ್ದು ನಿಮ್ಮ ಮನಮೋಹನ ಸಿಂಗರ ಸರಕಾರ ಅಲ್ವಾ?" ಎಂದರು ಅದೇ ತರಗತಿಯಲ್ಲಿ ಅವರ ಪಕ್ಕದ ಬೆಂಚಿನಲ್ಲಿ ಕೂತು ಓದಿದವರು. ಮೂಲೆಯಲ್ಲಿದ್ದ ಕೆಂಪು ಬಾವುಟದ ಹಿರಿಯರು, "ನೀವಿಬ್ಬರೂ ಸೇರಿಯೇ ಮುಗಿಸಿದ್ದು" ಎಂದು ಹೇಳಿ ಕನ್ನಡಕ ಒರೆಸಿಕೊಂಡರು. ಮುಖ್ಯೋಪಾಧ್ಯಾಯಿನಿಯವರು ಇಬ್ಬರನ್ನೂ ಸಮಾಧಾನ ಮಾಡಿ, "ಇದನ್ನು ಯಾರಾದರೂ ಸರಿಯಾಗಿ ಓದಿ ಬರೆಯಿರಿ, ಸಂಚಿಕೆಗೆ ಹಾಕುವ" ಎಂದು ನನ್ನ ಕಡೆ ನೋಡಿದರು. ನಾನು ಓದಿದ್ದು ಬಿ.ಇ., ಮಾಡುವುದು ಕಂಪ್ಯೂಟರ್ ಕೆಲಸ. ಇತಿಹಾಸ ನನ್ನ ವಿಷಯವಲ್ಲ. ಆದರೆ ನನ್ನ ಅಮ್ಮ ಮೂವತ್ತಕ್ಕೂ ಹೆಚ್ಚು ವರ್ಷ ಬೀಡಿ ಕಟ್ಟಿದವರು. ಆ ಹಣದಲ್ಲಿ ಈ ಶಾಲೆಯ ಸಮವಸ್ತ್ರ ಹಾಕಿದವನು ನಾನು. ಆದ್ದರಿಂದ ಒಪ್ಪಿಕೊಂಡೆ.

ನಮ್ಮ ಶಾಲೆಯಲ್ಲಿ ಓದಿದವರಿಗೆ ಬೀಡಿ ಕಟ್ಟುವುದನ್ನು ವಿವರಿಸಬೇಕಾಗಿಲ್ಲ. ಈಗಿನ ಮಕ್ಕಳು ನೋಡಿಲ್ಲವಾದ್ದರಿಂದ ನಾಲ್ಕು ಮಾತು. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪಿನ ಪುಡಿ ಮತ್ತು ನೂಲು ತೂಕ ಮಾಡಿ ಕೊಡುತ್ತಾರೆ. ರಾತ್ರಿ ಎಲೆಯನ್ನು ನೀರಲ್ಲಿ ಒದ್ದೆ ಮಾಡಿ ಬಟ್ಟೆಯಲ್ಲಿ ಸುತ್ತಿಡಬೇಕು. ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಸಬೇಕು. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಒಂದೊಂದೇ ಎಲೆಗೆ ಪುಡಿ ಹಾಕಿ ಸುರುಳಿ ಸುತ್ತಿ ತುದಿ ಮಡಚಿ ನೂಲು ಕಟ್ಟಬೇಕು. ಇಪ್ಪತ್ತೈದರ ಒಂದು ಕಟ್ಟು, ನಲವತ್ತು ಕಟ್ಟಾದರೆ ಸಾವಿರ. ಮಜೂರಿ ಸಾವಿರದ ಲೆಕ್ಕದಲ್ಲಿ. ಚುರುಕಿನ ಕೈ ಇದ್ದವರಿಗೂ ಮನೆಗೆಲಸದ ನಡುವೆ ಸಾವಿರ ಆಗುವಾಗ ಸಂಜೆ ದೀಪ ಹಚ್ಚುವ ಹೊತ್ತಾಗುತ್ತಿತ್ತು. ಬ್ರಾಂಚಿನಲ್ಲಿ ಚೆಕ್ಕರ್ ಒಂದೊಂದು ಕಟ್ಟು ಕೈಯಲ್ಲಿ ಹಿಡಿದು ನೋಡಿ, ಸರಿ ಇಲ್ಲದ್ದನ್ನು ಪಕ್ಕಕ್ಕೆ ಎಸೆಯುತ್ತಿದ್ದರು. ಎಸೆದದ್ದಕ್ಕೆ ಮಜೂರಿ ಇಲ್ಲ, ಅದಕ್ಕೆ ಹೋದ ಎಲೆಯ ಲೆಕ್ಕ ಮಾತ್ರ ನಮ್ಮ ತಲೆಗೆ. ಶಾಲೆಗೆ ಬರುವ ದಾರಿಯಲ್ಲಿ ಬ್ರಾಂಚಿಗೆ ಬೀಡಿ ಕೊಟ್ಟು ಬರುವ ಕೆಲಸ ನನ್ನದಾಗಿತ್ತು. ನನ್ನ ಬ್ಯಾಗಿಗೆ ಹೊಗೆಸೊಪ್ಪಿನ ವಾಸನೆ ಇತ್ತು. ತರಗತಿಯ ಅರ್ಧದಷ್ಟು ಬ್ಯಾಗುಗಳಿಗೂ ಅದೇ ವಾಸನೆ ಇದ್ದುದರಿಂದ ಯಾರಿಗೂ ಅದು ವಿಶೇಷ ಅನಿಸುತ್ತಿರಲಿಲ್ಲ.

ಓದಲು ಕೂತಾಗ ನನಗೆ ಮೊದಲು ಹೊಳೆದ ಪ್ರಶ್ನೆ ಬೇರೆಯೇ. ಬೀಡಿ ಹೋದದ್ದು ಹೇಗೆ ಎಂದು ಎಲ್ಲರೂ ಜಗಳ ಮಾಡುತ್ತೇವೆ, ಬಂದದ್ದು ಹೇಗೆ ಎಂದು ಕೇಳುವುದಿಲ್ಲ. ಬೀಡಿ ಎಲೆ ನಮ್ಮ ಜಿಲ್ಲೆಯ ಕಾಡಿನದ್ದಲ್ಲ. ಅದು ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾ, ತೆಲಂಗಾಣದ ಕಾಡುಗಳಿಂದ ಬರುತ್ತದೆ. ಹೊಗೆಸೊಪ್ಪು ನಿಪ್ಪಾಣಿಯಿಂದ, ಗುಜರಾತಿನಿಂದ. ಕಟ್ಟಿದ ಬೀಡಿ ಸೇದುವವರೂ ಬಹುಪಾಲು ಬೇರೆ ಊರಿನವರು. ಹಾಗಿದ್ದರೆ ಎಲೆಯನ್ನು ಲಾರಿಯಲ್ಲಿ ಸಾವಿರ ಕಿಲೋಮೀಟರ್ ತಂದು ನಮ್ಮ ಅಮ್ಮಂದಿರ ಮಡಿಲಿಗೆ ಹಾಕಿದ್ದು ಯಾಕೆ?

ಹಂಚಿನ ಕಾರ್ಖಾನೆಯ ಕತೆ ಹಾಗಲ್ಲ. ನೇತ್ರಾವತಿ, ಫಲ್ಗುಣಿ ನದಿಗಳ ದಡದಲ್ಲಿ ಆವೆಮಣ್ಣು ಇತ್ತು, ಕಟ್ಟಿಗೆ ಇತ್ತು, ಸಾಗಿಸಲು ದೋಣಿ ಮತ್ತು ಬಂದರು ಇತ್ತು. 1865ರಲ್ಲಿ ಬಾಸೆಲ್ ಮಿಶನ್ನಿನ ಪ್ಲೆಬ್‌ಸ್ಟ್ ಜಪ್ಪುವಿನ ಬಳಿ ಮೊದಲ ಕಾರ್ಖಾನೆ ಹಾಕಿದರು. ಮುಂದೆ ಹತ್ತಾರು ಸ್ಥಳೀಯರು ಅದೇ ದಾರಿ ಹಿಡಿದರು. ನನ್ನ ಅಜ್ಜಿ ಹಂಚಿನ ಕಾರ್ಖಾನೆಗೆ ಮಣ್ಣು ಹೊತ್ತವರು. ಕಾಂಕ್ರೀಟು ಮನೆಗಳು ಬಂದ ಮೇಲೆ ಆ ಚಿಮಣಿಗಳು ಒಂದೊಂದಾಗಿ ಆರಿದವು. ಹಂಚಿನ ಕಾರ್ಖಾನೆ ಮಣ್ಣನ್ನು ನಂಬಿ ಬಂದ ಉದ್ಯಮ. ಮಣ್ಣು ಇರುವಲ್ಲೇ ಅದು ನಿಲ್ಲಬೇಕು. ಬೀಡಿ ನಂಬಿಕೊಂಡದ್ದು ಕೈಯನ್ನು ಮಾತ್ರ. ಕಡಿಮೆ ಮಜೂರಿಗೆ ಕೈ ಸಿಕ್ಕಿದಲ್ಲೆಲ್ಲ ಅದಕ್ಕೆ ಊರು.

ಮಂಗಳೂರಿನಲ್ಲಿ ಬೀಡಿ ಕಂಪನಿಗಳು ಮೊದಲೇ ಇದ್ದವು. ಭಾರತ್ ಬೀಡಿ 1930ರಷ್ಟು ಹಳೆಯದು. ಮಂಗಳೂರು ಗಣೇಶ್ ಬೀಡಿಯ ಹೆಸರಿನಲ್ಲಿ ಮಂಗಳೂರು ಇದ್ದರೂ ಮುಖ್ಯ ಕಚೇರಿ ಮೈಸೂರಿನದು. ಆ ಕಾಲದಲ್ಲಿ ದಕ್ಷಿಣ ಕನ್ನಡವೂ ಕಣ್ಣೂರು ಇರುವ ಮಲಬಾರೂ ಒಂದೇ ಮದರಾಸು ಪ್ರಾಂತ್ಯದ ಅಕ್ಕಪಕ್ಕದ ಜಿಲ್ಲೆಗಳು. ಮಂಗಳೂರಿನ ಕಂಪನಿಗೆ ಕಣ್ಣೂರಿನಲ್ಲಿ ಡಿಪೋ ಇಡುವುದು ಈಗ ಸುರತ್ಕಲ್ಲಿನಲ್ಲಿ ಅಂಗಡಿ ಇಟ್ಟ ಹಾಗೆ. ಆದರೆ ಕಣ್ಣೂರಿನ ಬೀಡಿ ನಮ್ಮದರ ಹಾಗೆ ಮನೆಯಲ್ಲಿ ಕಟ್ಟುವ ಬೀಡಿಯಲ್ಲ. ಅಲ್ಲಿ ಗಂಡಸರು ದೊಡ್ಡ ಕೊಠಡಿಯಲ್ಲಿ ಸಾಲಾಗಿ ಕೂತು ಕಟ್ಟುತ್ತಿದ್ದರು. ಅವರಲ್ಲಿ ಒಬ್ಬ ಬೀಡಿ ಕಟ್ಟದೆ ಪತ್ರಿಕೆ, ಪುಸ್ತಕ ಗಟ್ಟಿಯಾಗಿ ಓದುತ್ತಿದ್ದ. ಅವನ ಪಾಲಿನ ಬೀಡಿಯನ್ನು ಉಳಿದವರು ಹಂಚಿಕೊಂಡು ಕಟ್ಟಿಕೊಡುತ್ತಿದ್ದರು. ಹೀಗೆ ಕೇಳಿ ಕಲಿತ ಕೆಲಸಗಾರರು ಸಂಘ ಕಟ್ಟಿದರು, ಕಮ್ಯುನಿಸ್ಟ್ ಪಕ್ಷದ ಬೆನ್ನೆಲುಬಾದರು.

1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಚಂದ್ರಗಿರಿ ಹೊಳೆಯ ಎರಡೂ ಕಡೆ ಸೇರಿದಂತೆ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ನಮ್ಮ ಕಡೆಯವರು ಆ ಗಡಿಯನ್ನು ಭಾಷೆಯ ವಿಷಯವಾಗಿ ಮಾತ್ರ ನೆನಪಿಟ್ಟುಕೊಂಡಿದ್ದೇವೆ. ಕೂಲಿಯ ವಿಷಯದಲ್ಲೂ ಅದು ಗಡಿಯಾಯಿತು. ತಲಪಾಡಿಯ ಆಚೆ ಒಂದು ಸರಕಾರ, ಈಚೆ ಇನ್ನೊಂದು. ಆಚೆ ಕನಿಷ್ಠ ಮಜೂರಿ ಒಂದು, ಈಚೆ ಇನ್ನೊಂದು.

1966ರಲ್ಲಿ ಸಂಸತ್ತು ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕೆಲಸದ ಷರತ್ತುಗಳ ಕಾಯಿದೆಯನ್ನು ಮಾಡಿತು. ಇದಕ್ಕಾಗಿ ಲೋಕಸಭೆಯಲ್ಲಿ ಹಟ ಹಿಡಿದವರಲ್ಲಿ ಮುಖ್ಯರು ಎ.ಕೆ. ಗೋಪಾಲನ್. ಅವರು ಆಗ ಕಾಸರಗೋಡು ಕ್ಷೇತ್ರದ ಸದಸ್ಯರು. ಕಾಯಿದೆ ಒಳ್ಳೆಯದೇ. ಪರವಾನಗಿ, ಕೆಲಸದ ಸಮಯ, ಸಂಬಳ ಸಹಿತ ರಜೆ, ಹೆರಿಗೆ ಸೌಲಭ್ಯ, ಗುತ್ತಿಗೆದಾರನ ಮೂಲಕ ಕೆಲಸ ಕೊಟ್ಟರೂ ಮಾಲಕನ ಹೊಣೆ, ಎಲ್ಲ ಅದರಲ್ಲಿ ಇತ್ತು. ಆದರೆ ಮೊದಲನೆಯ ಸೆಕ್ಷನ್ನಿನಲ್ಲೇ ಒಂದು ಮಾತು ಸೇರಿತ್ತು: ಯಾವ ರಾಜ್ಯದಲ್ಲಿ ಯಾವ ದಿನದಿಂದ ಇದು ಜಾರಿ ಎಂಬುದನ್ನು ಆಯಾ ರಾಜ್ಯ ಸರಕಾರವೇ ಅಧಿಸೂಚನೆ ಹೊರಡಿಸಿ ನಿರ್ಧರಿಸಬೇಕು. ನಮ್ಮ ಕೆಲಸದಲ್ಲಿ ಇಂಥದ್ದನ್ನು ದಿನಾ ನೋಡುತ್ತೇವೆ. ಪ್ರೋಗ್ರಾಂ ಎಲ್ಲ ಕಡೆ ಒಂದೇ, ಆದರೆ ಶುರು ಮಾಡುವ ಸ್ವಿಚ್ ಒಬ್ಬೊಬ್ಬರ ಕೈಯಲ್ಲಿ ಒಂದೊಂದು. ನನ್ನ ಮಟ್ಟಿಗೆ ನಮ್ಮ ಊರಿನ ಬೀಡಿಯ ಚರಿತ್ರೆ ಇರುವುದು ಆ ಒಂದು ಸಾಲಿನಲ್ಲಿ.

ಕೇರಳದಲ್ಲಿ 1967ರಲ್ಲಿ ಇ.ಎಂ.ಎಸ್. ನಂಬೂದಿರಿಪ್ಪಾಡರ ಎರಡನೆಯ ಸರಕಾರ ಬಂತು. ಅದು ಸ್ವಿಚ್ ಒತ್ತಿತು. ಮಂಗಳೂರು ಗಣೇಶ್ ಬೀಡಿ ಸೇರಿದಂತೆ ಮಂಗಳೂರು ಕಡೆಯ ಕಂಪನಿಗಳು ಈ ಖರ್ಚು ತಮ್ಮಿಂದಾಗದು ಎಂದು 1968ರ ಅಕ್ಟೋಬರಿನಲ್ಲಿ ಕಣ್ಣೂರಿನ ಡಿಪೋಗಳನ್ನು ಮುಚ್ಚಿದವು. ಸುಮಾರು 12,000 ಮಂದಿಯ ಕೆಲಸ ಹೋಯಿತು. ಈ ಕಡೆ ಮೈಸೂರು ರಾಜ್ಯದಲ್ಲಿ ವೀರೇಂದ್ರ ಪಾಟೀಲರ ಕಾಂಗ್ರೆಸ್ ಸರಕಾರ ಇತ್ತು. ಗಡಿ ದಾಟಿದರೆ ಕೆಲಸ ಅಗ್ಗ. ಅದರಲ್ಲೂ ಕೊಠಡಿ ಬೇಡ, ಬೆಂಚು ಬೇಡ, ಓದುವವನು ಬೇಡ. ಎಲೆ ತೂಗಿ ಕೊಟ್ಟರೆ ಹೆಂಗಸರು ಮನೆಯಲ್ಲೇ ಕಟ್ಟಿ ತಂದುಕೊಡುತ್ತಾರೆ. ಮಂಗಳೂರು ಸುತ್ತಲಿನ ಹಳ್ಳಿಹಳ್ಳಿಗೂ ಬ್ರಾಂಚುಗಳು ಹಬ್ಬಿದ್ದು ಇದರ ನಂತರದ ವರ್ಷಗಳಲ್ಲಿ.

ಇದನ್ನು ಓದಿದ ರಾತ್ರಿ ನನಗೆ ಸ್ವಲ್ಪ ಕಸಿವಿಸಿಯಾಯಿತು. ನಮಗೆ ಅನ್ನ ಕೊಟ್ಟ ಕೆಲಸ ಅಂತ ನಾವು ಹೇಳುತ್ತಾ ಬಂದದ್ದರಲ್ಲಿ ಒಂದು ಪಾಲು, ನೂರೈವತ್ತು ಕಿಲೋಮೀಟರ್ ದಕ್ಷಿಣದಲ್ಲಿ ಬೇರೆಯವರ ಬಟ್ಟಲಿನಿಂದ ತೆಗೆದದ್ದು. ಅಮ್ಮನಿಗೆ ಹೇಳಿದೆ. ಅವರು, "ನನಗೆ ಎಂತ ಗೊತ್ತು ಮಗಾ, ಬ್ರಾಂಚ್ ಬಂತು, ಎಲೆ ಕೊಟ್ರು, ಕಟ್ಟಿದೆ" ಎಂದರು. ಅದೂ ನಿಜವೇ. ನವಮಂಗಳೂರು ಬಂದರಿಗೆ, ರಸಗೊಬ್ಬರ ಕಾರ್ಖಾನೆಗೆ ಶಿಲಾನ್ಯಾಸದ ಕಲ್ಲು ಇದೆ, ಮಂತ್ರಿಗಳ ಹೆಸರು ಇದೆ. ಲಕ್ಷಕ್ಕೂ ಮಿಕ್ಕಿ ಹೆಂಗಸರಿಗೆ ಕೆಲಸ ಕೊಟ್ಟ ಬೀಡಿಗೆ ಯಾವ ಕಲ್ಲೂ ಇಲ್ಲ. ತಂದವರು ಯಾರೆಂದು ಹೇಳಿಕೊಳ್ಳಲು ಆಗ ಯಾವ ಪಕ್ಷಕ್ಕೂ ಮನಸ್ಸಿರಲಿಲ್ಲ.

ಬಂದ ಮೇಲೆ ಮಾತ್ರ ಎಲ್ಲ ಬಾವುಟಗಳೂ ಬಂದವು. ಇಲ್ಲಿ ಹಂಚಿನ ಕಾರ್ಖಾನೆಯ ಕಾಲದಿಂದಲೂ ಕಾರ್ಮಿಕ ಸಂಘಟನೆ ಇತ್ತು. ಬಿ.ವಿ. ಕಕ್ಕಿಲ್ಲಾಯರಂಥವರು ಅದರಲ್ಲೇ ಜೀವನ ಸವೆಸಿದವರು. ಅವರು ರಾಜ್ಯಸಭೆಗೂ ಹೋದರು, 1970ರ ದಶಕದಲ್ಲಿ ನಮ್ಮ ಜಿಲ್ಲೆಯಿಂದ ವಿಧಾನಸಭೆಗೂ ಗೆದ್ದರು. 1964ರಲ್ಲಿ ಕಮ್ಯುನಿಸ್ಟ್ ಪಕ್ಷ ಒಡೆಯಿತು. 1970ರಲ್ಲಿ ಸಿ.ಐ.ಟಿ.ಯು. ಹುಟ್ಟಿತು, ಎ.ಐ.ಟಿ.ಯು.ಸಿ. ಇನ್ನೊಂದು ಕಡೆ ಉಳಿಯಿತು. ಕಾಂಗ್ರೆಸ್ಸಿನ ಇಂಟಕ್, ಆಮೇಲೆ ಬಲವಾದ ಭಾರತೀಯ ಮಜ್ದೂರ್ ಸಂಘ, ಹೀಗೆ ನಾಲ್ಕು ಸಂಘಗಳು. ಒಂದೇ ವಠಾರದಲ್ಲಿ ಅಕ್ಕ ಒಂದು ಸಂಘ, ನಾದಿನಿ ಇನ್ನೊಂದು. ಮೇ ಒಂದಕ್ಕೆ ಒಬ್ಬರ ಮೆರವಣಿಗೆ, ವಿಶ್ವಕರ್ಮ ಜಯಂತಿಗೆ ಇನ್ನೊಬ್ಬರದ್ದು. ನಗೆಯಾಡಬಹುದು. ಆದರೆ ಆ ಇಪ್ಪತ್ತು ವರ್ಷಗಳಲ್ಲಿ ನಮಗೆ ಸಿಕ್ಕಿದ್ದು ಸಣ್ಣದಲ್ಲ.

ಕಂಪನಿಗಳು 1966ರ ಕಾಯಿದೆಯನ್ನೇ ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗಿದ್ದವು. 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಕಾಯಿದೆ ಸರಿ ಎಂದಿತು. ಮನೆಯಲ್ಲಿ ಕಟ್ಟುವವರೂ ಕಾರ್ಮಿಕರೇ, ಗುತ್ತಿಗೆದಾರನ ನೆಪ ನಡೆಯುವುದಿಲ್ಲ ಎಂಬುದು ಅದರ ಸಾರ. ಮೊಕದ್ದಮೆಯ ಹೆಸರಿನಲ್ಲೇ ಮಂಗಳೂರು ಇದೆ: ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಮತ್ತು ಭಾರತ ಸರಕಾರ. ಕಾನೂನು ಕಾಲೇಜುಗಳಲ್ಲಿ ಇದನ್ನು ಪಾಠ ಮಾಡುತ್ತಾರೆ, ನಮ್ಮ ಶಾಲೆಯಲ್ಲಿ ಯಾರೂ ಹೇಳಲಿಲ್ಲ. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾಯಿದೆ ಬಂತು. ಬೀಡಿಯ ಮೇಲೆ ಸಣ್ಣ ಸೆಸ್ ಹಾಕಿ ಆ ಹಣದಲ್ಲಿ ಆಸ್ಪತ್ರೆ, ಮನೆ ಕಟ್ಟಲು ನೆರವು, ಮಕ್ಕಳಿಗೆ ವಿದ್ಯಾರ್ಥಿವೇತನ. 1977ರಲ್ಲಿ ಭವಿಷ್ಯನಿಧಿ, ನಮ್ಮ ಬಾಯಲ್ಲಿ 'ಪಿ.ಎಫ್.', ಬೀಡಿಗೂ ವಿಸ್ತರಿಸಿತು. ಮನೆಯಲ್ಲಿ ಕಟ್ಟುವವರಿಗೆ ಅದು ಯಾಕೆ ಎಂದು ಮಾಲಕರು ಮತ್ತೆ ಕೋರ್ಟಿಗೆ ಹೋದರು, 1985ರಲ್ಲಿ ಸುಪ್ರೀಂ ಕೋರ್ಟು ಅವರಿಗೂ ಕೊಡಬೇಕು ಎಂದಿತು. ತುರ್ತುಪರಿಸ್ಥಿತಿಯ ಕಾಂಗ್ರೆಸ್ಸು, ಆಮೇಲಿನ ಜನತಾ ಸರಕಾರ, ದೆಹಲಿಯ ನ್ಯಾಯಾಧೀಶರು, ಬೀದಿಯಲ್ಲಿ ಕೂಗಿದ ನಾಲ್ಕು ಸಂಘಗಳು, ಇಷ್ಟು ಜನರ ಕೈ ಇದರಲ್ಲಿ ಇದೆ. ಕೊಟ್ಟದ್ದು ನಾವೇ ಎಂದು ಒಂದು ಪಕ್ಷ ಹೇಳಿದರೆ ನಾನು ಒಪ್ಪಲಾರೆ.

ಕಾಗದದಲ್ಲಿ ಇದ್ದದ್ದೆಲ್ಲ ಕೈಗೆ ಬರಲಿಲ್ಲ, ಅದನ್ನೂ ಹೇಳಬೇಕು. ಗುತ್ತಿಗೆದಾರರೊಬ್ಬರು ಕೆಲವು ವರ್ಷ ಅಮ್ಮ ಕಟ್ಟಿದ ಬೀಡಿಯ ಅರ್ಧವನ್ನು ಬೇರೆ ಹೆಸರಿನಲ್ಲಿ ಬರೆದುಕೊಂಡಿದ್ದರು. ಪಿ.ಎಫ್. ತೆಗೆಯಲು ಹೋದಾಗಲೇ ಅದು ಗೊತ್ತಾದದ್ದು. ಆದರೂ ಆ ಪಾಸ್‌ಬುಕ್ ಎಷ್ಟೋ ಹೆಂಗಸರಿಗೆ ಜೀವನದಲ್ಲಿ ತಮ್ಮ ಹೆಸರು ಅಚ್ಚಾದ ಮೊದಲ ದಾಖಲೆ. 1974ರ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಬಂತು, ಬಹುಪಾಲು ಗಂಡಸರ ಹೆಸರಿಗೆ. ಬೀಡಿಯ ಹಣ ಹೆಂಗಸರ ಹೆಸರಿಗೆ ಬಂತು. ಮದುವೆಗೆ ಬಂಗಾರ, ಮನೆಗೆ ಹಂಚು, ಮಗಳ ಕಾಲೇಜು, ಇವೆಲ್ಲ ಎಲ್ಲಿಂದ ಎಂದು ನಮ್ಮ ಊರಿನ ಯಾವ ಅಜ್ಜಿಯನ್ನಾದರೂ ಕೇಳಿ. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿಗೆ ದೊಡ್ಡ ಶ್ರೋತೃವರ್ಗವೇ ಈ ಬೀಡಿ ಕಟ್ಟುವವರು ಅನ್ನುವುದು ನನ್ನ ಅಭಿಪ್ರಾಯ. ಕಣ್ಣೂರಿನ ಕೊಠಡಿಯಲ್ಲಿ ಓದುವವನಿದ್ದ, ನಮ್ಮ ಜಗಲಿಯಲ್ಲಿ ರೇಡಿಯೋ ಇತ್ತು.

ಶಾಲೆಯ ಕಚೇರಿಯ ಹಳೆಯ ರಿಜಿಸ್ಟರಿನಲ್ಲೂ ಬೀಡಿ ಇದೆ. ವರ್ಷಕ್ಕೊಮ್ಮೆ ವಿದ್ಯಾರ್ಥಿವೇತನದ ಅರ್ಜಿ ಬರುತ್ತಿತ್ತು. ನಮ್ಮ ಸಮಾಜ ವಿಜ್ಞಾನದ ಸರ್ ಸಂಜೆ ಬೆಲ್ ಹೊಡೆದ ಮೇಲೂ ಕೂತು ಒಬ್ಬೊಬ್ಬರ ಅರ್ಜಿ ತುಂಬಿಸುತ್ತಿದ್ದರು. ಅಮ್ಮನ ಲಾಗ್‌ಬುಕ್ ತಾರದವನನ್ನು ಮನೆಗೆ ಓಡಿಸುತ್ತಿದ್ದರು. ಹುಡುಗಿಯರಿಗೆ ಹುಡುಗರಿಗಿಂತ ಸ್ವಲ್ಪ ಹೆಚ್ಚು ಸಿಗುತ್ತಿತ್ತು, ಅದಕ್ಕೆ ನಮಗೆ ಹೊಟ್ಟೆಕಿಚ್ಚು. ನಾನು ಎಂಜಿನಿಯರಿಂಗ್ ಸೇರಿದಾಗಲೂ ಆ ಹಣ ಬಂದಿತ್ತು. ಕಾಲೇಜಿನ ಫಾರ್ಮಿನಲ್ಲಿ 'ತಾಯಿಯ ಉದ್ಯೋಗ' ಎಂದು ಕೇಳಿದ್ದಲ್ಲಿ ನಾನು 'ಗೃಹಿಣಿ' ಎಂದು ಬರೆದಿದ್ದೆ. ಅದನ್ನು ಇಲ್ಲಿ ಬರೆದು ಒಪ್ಪಿಕೊಳ್ಳುತ್ತಿದ್ದೇನೆ.

ಇನ್ನು ಹೋದದ್ದರ ಕತೆ. ಸಭೆಯಲ್ಲಿ ಜಗಳವಾಡಿದ ಇಬ್ಬರೂ ನನ್ನನ್ನು ಕ್ಷಮಿಸಬೇಕು, ಏಕೆಂದರೆ ತಾರೀಕುಗಳು ಇಬ್ಬರಿಗೂ ಅನುಕೂಲವಾಗಿಲ್ಲ. ಹೊಗೆಸೊಪ್ಪು ನಿಯಂತ್ರಣದ ದೊಡ್ಡ ಕಾಯಿದೆ 2003ರದ್ದು, ಆಗ ವಾಜಪೇಯಿಯವರ ಸರಕಾರ. ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸುವ ನಿಯಮವನ್ನು 2008ರ ಅಕ್ಟೋಬರ್ 2ರಿಂದ ಗಟ್ಟಿಯಾಗಿ ಜಾರಿಗೆ ತಂದದ್ದು, 2009ರಲ್ಲಿ ಚಿತ್ರ ಹಾಕಿಸಿದ್ದು ಮನಮೋಹನ ಸಿಂಗರ ಸರಕಾರ. ಆ ಚಿತ್ರ ಪೊಟ್ಟಣದ 85 ಶೇಕಡಾ ಜಾಗ ತುಂಬಬೇಕು ಎಂದು 2014ರಲ್ಲಿ ಹೇಳಿ, 2016ರ ಏಪ್ರಿಲ್ 1ರಿಂದ ಜಾರಿ ಮಾಡಿದ್ದು ಮೋದಿಯವರ ಸರಕಾರ. ಮಧ್ಯೆ ಅದನ್ನು ಪರಿಶೀಲಿಸಿದ ಸಂಸದೀಯ ಸಮಿತಿಯಲ್ಲಿ ಸ್ವತಃ ಬೀಡಿ ಉದ್ಯಮಿಯಾಗಿದ್ದ ಆಳುವ ಪಕ್ಷದ ಸಂಸದರೊಬ್ಬರು ಇದ್ದರೆಂದು ದೊಡ್ಡ ಗದ್ದಲವಾಗಿತ್ತು. ಆ ಏಪ್ರಿಲಿನಲ್ಲಿ ಬೀಡಿ ಕಂಪನಿಗಳು ಉತ್ಪಾದನೆ ನಿಲ್ಲಿಸಿದಾಗ ನಮ್ಮ ಮನೆಯಲ್ಲಿ ಗೆರಸೆ ಗೋಡೆಗೆ ಒರಗಿ ನಿಂತಿತ್ತು. ಪ್ರಕರಣಗಳನ್ನು ಸುಪ್ರೀಂ ಕೋರ್ಟು ಕರ್ನಾಟಕ ಹೈಕೋರ್ಟಿಗೆ ಒಪ್ಪಿಸಿತು. ಹೈಕೋರ್ಟು 2017ರ ಡಿಸೆಂಬರಿನಲ್ಲಿ ಆ ನಿಯಮವನ್ನು ರದ್ದು ಮಾಡಿತು, ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು.

ಅಷ್ಟರಲ್ಲಿ 2016ರ ನವೆಂಬರಿನ ನೋಟು ರದ್ದತಿ ಬಂದು ವಾರದ ಬಟವಾಡೆ ತಪ್ಪಿತ್ತು. 2017ರ ಜುಲೈ 1ರಿಂದ ಜಿ.ಎಸ್.ಟಿ.: ಬೀಡಿಗೆ 28 ಶೇಕಡಾ, ಎಲೆಗೆ 18. ಇದನ್ನು ಕೇಂದ್ರದ ತಲೆಗೆ ಮಾತ್ರ ಕಟ್ಟುವವರು ಮರೆಯುವ ಮಾತೊಂದಿದೆ. ಜಿ.ಎಸ್.ಟಿ. ಮಂಡಳಿಯಲ್ಲಿ ಎಲ್ಲ ರಾಜ್ಯಗಳೂ ಕೂರುತ್ತವೆ. ಕರ್ನಾಟಕದ ಕಾಂಗ್ರೆಸ್ ಸರಕಾರದ ಪರವಾಗಿ ಕೃಷ್ಣ ಬೈರೇಗೌಡರು ಇದ್ದರು, ಕೇರಳದ ಎಡ ಸರಕಾರದ ಪರವಾಗಿ ಥಾಮಸ್ ಐಸಾಕ್ ಇದ್ದರು. ಕಣ್ಣೂರಿನ ಬೀಡಿ ಸಹಕಾರ ಸಂಘದ ಮೇಲೆ ಪುಸ್ತಕ ಬರೆದವರಲ್ಲಿ ಐಸಾಕ್ ಒಬ್ಬರು! ಇನ್ನೊಂದು ಸಂಗತಿ ಸಭೆಯಲ್ಲಿ ಯಾರೂ ಎತ್ತಲಿಲ್ಲ. ಜಿ.ಎಸ್.ಟಿ. ಬಂದಾಗ ಹಲವು ಹಳೆಯ ಸೆಸ್‌ಗಳು ರದ್ದಾದವು, ಅದರಲ್ಲಿ 1976ರ ಬೀಡಿ ಸೆಸ್ ಕೂಡ ಹೋಯಿತು. ನನ್ನನ್ನು ಓದಿಸಿದ ನಿಧಿಯ ಮೂಲವೇ ಅದು. ಈಗ ಆ ಸೌಲಭ್ಯಗಳು ಸರಕಾರದ ಬಜೆಟ್ಟಿನ ಕೃಪೆಯಲ್ಲಿ ಇವೆ. 2025ರ ಸೆಪ್ಟೆಂಬರಿನಲ್ಲಿ ಮಂಡಳಿ ಬೀಡಿಯ ತೆರಿಗೆಯನ್ನು 18ಕ್ಕೂ ಎಲೆಯದ್ದನ್ನು 5ಕ್ಕೂ ಇಳಿಸುವ ತೀರ್ಮಾನ ಮಾಡಿತು. ನಮ್ಮ ಬ್ರಾಂಚು ಅದಕ್ಕಿಂತ ಎಷ್ಟೋ ಮೊದಲು ಬಾಗಿಲು ಹಾಕಿ, ಆ ಕಟ್ಟಡದಲ್ಲಿ ಮೊಬೈಲ್ ಅಂಗಡಿ ಬಂದಾಗಿತ್ತು.

ಎಲ್ಲ ಪಕ್ಷಗಳಿಗೂ ಎರಡು ನಾಲಿಗೆ ಇತ್ತು. ದೆಹಲಿಯಲ್ಲಿ ಆರೋಗ್ಯದ ಮಾತು, ಮಂಗಳೂರಿನಲ್ಲಿ ಬೀಡಿ ಕಾರ್ಮಿಕರ ರಕ್ಷಣೆಯ ಮಾತು. ದೆಹಲಿಯ ಮಾತು ಸುಳ್ಳು ಎಂದು ನಾನು ಹೇಳುವುದಿಲ್ಲ. ನನ್ನ ಅಪ್ಪ ಬೀಡಿ ಸೇದಿಯೇ ಕೆಮ್ಮಿ ಕೆಮ್ಮಿ ಹೋದರು. ಅಮ್ಮನಿಗೂ ಆ ಪುಡಿಯ ಧೂಳಿನ ಉಬ್ಬಸ ಇದೆ. ಬೀಡಿ ಕಡಿಮೆಯಾಗಬೇಕಾದ್ದೇ. ಹೊಸ ಹುಡುಗಿಯರೂ ಗೆರಸೆ ಹಿಡಿಯಲು ಒಲ್ಲರು, ಬಟ್ಟೆ ಅಂಗಡಿಗೆ, ಆಸ್ಪತ್ರೆಗೆ, ಗೇರುಬೀಜದ ಕಾರ್ಖಾನೆಗೆ ಹೋಗುತ್ತಾರೆ. ನನ್ನ ಆಕ್ಷೇಪ ಇರುವುದು ಬೇರೆ ಕಡೆ. ಕಾನೂನು ಮಾಡುವಾಗ ಒಂದು ದಿನಾಂಕ ಬರೆದರು, ಆ ದಿನದಿಂದ ಐವತ್ತು ದಾಟಿದ ಹೆಂಗಸು ಏನು ಮಾಡಬೇಕು ಎಂದು ಬರೆಯಲಿಲ್ಲ. ಅದನ್ನು ಬರೆಯಿರಿ ಎಂದು ಪಟ್ಟು ಹಿಡಿಯಬೇಕಾದ ನಾಲ್ಕು ಸಂಘಗಳು ಆ ಹೊತ್ತಿಗೆ ಯಾರ ಸರಕಾರದಿಂದ ಹೀಗಾಯಿತು ಎಂಬ ಚರ್ಚೆಯಲ್ಲಿ ಇದ್ದವು.

ಬೇರೆ ದಾರಿ ಇತ್ತೇ? ಇತ್ತು ಎಂದು ತೋರಿಸಿದವರು ಯಾರ ಕೆಲಸ ನಮ್ಮ ಊರಿಗೆ ಬಂತೋ ಅವರೇ. ಕಣ್ಣೂರಿನಲ್ಲಿ ಕೆಲಸ ಕಳೆದುಕೊಂಡವರು 1969ರ ಫೆಬ್ರವರಿ 15ರಂದು ಕೇರಳ ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿದರು. ರಾಜ್ಯ ಸರಕಾರ ಬಂಡವಾಳಕ್ಕೆ ಕೈ ಸೇರಿಸಿತು. 1980ರ ದಶಕದಲ್ಲಿ ಅದರಲ್ಲಿ ಸುಮಾರು 42,000 ಮಂದಿ ಇದ್ದರು. ಅವರಿಗೂ ಬೀಡಿಯ ಇಳಿಗಾಲ ಬಂತು. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ನಿಷೇಧಿಸಿತು, ದೇಶಕ್ಕೆಲ್ಲ ಮೊದಲೇ. ಆದರೆ ಆ ಹೊತ್ತಿಗೆ ಸಂಘ ತೆಂಗಿನಕಾಯಿ ಹಾಲು, ಮಸಾಲೆ ಪುಡಿ, ಉಪ್ಪಿನಕಾಯಿ ಮಾಡುವುದಕ್ಕೆ ಕೈ ಹಾಕಿತ್ತು. ಕೊಡೆ, ಸಿದ್ಧ ಉಡುಪು ಬಂದವು. ಕಂಪ್ಯೂಟರ್ ಘಟಕವನ್ನೂ ತೆರೆದರು. ಬೀಡಿ ಕಾರ್ಮಿಕರ ಸಾಫ್ಟ್‌ವೇರ್ ಕಂಪನಿ! ನಾನು ಈ ಕ್ಷೇತ್ರಕ್ಕೆ ಬಂದು ಇಷ್ಟು ವರ್ಷವಾದರೂ ಕೇಳಿರಲಿಲ್ಲ. ಎಲ್ಲ ಗೆದ್ದವು ಎಂದಲ್ಲ. ಬೀಡಿ ಕಟ್ಟುವವರ ಸಂಖ್ಯೆ ಅಲ್ಲಿಯೂ ತೀರಾ ಕುಸಿದಿದೆ. ಪಕ್ಷ ರಾಜಕೀಯ ಅಲ್ಲಿ ನಮಗಿಂತ ಹೆಚ್ಚೇ. ಕೊಲೆಗಳವರೆಗೆ ಹೋಗುವಷ್ಟು. ಆದರೂ ಕೆಲಸ ಹೋದ ಆ ನಾಲ್ಕು ತಿಂಗಳಲ್ಲಿ ಯಾರಿಂದ ಹೋಯಿತು ಎಂಬ ಪ್ರಶ್ನೆಯ ಜೊತೆಗೆ ನಾಳೆ ಬೆಳಿಗ್ಗೆ ಎಲ್ಲಿ ಕೂರುವುದು ಎಂಬುದನ್ನೂ ಅವರು ಕೇಳಿಕೊಂಡಿದ್ದರು.

ಇಲ್ಲಿ ಹಾಗೆ ಆಗದಿರಲು ಒಂದು ಕಾರಣ ನನಗೆ ಕಾಣುತ್ತದೆ. ಅಲ್ಲಿನವರು ಒಂದು ಕೊಠಡಿಯಲ್ಲಿ ಕೂತಿದ್ದರು, ಮುಚ್ಚಿದ್ದು ಒಂದೇ ದಿನ. ಇಲ್ಲಿ ಒಬ್ಬೊಬ್ಬರು ಒಂದೊಂದು ಜಗಲಿಯಲ್ಲಿ. ಮುಚ್ಚಿದ್ದೂ ಒಂದು ದಿನದಲ್ಲಲ್ಲ. ವಾರಕ್ಕೆ ಆರು ದಿನದ ಕೆಲಸ ನಾಲ್ಕಾಯಿತು, ಸಾವಿರದ ಎಲೆ ಐನೂರಕ್ಕೆ ಇಳಿಯಿತು, ಬ್ರಾಂಚು ಇನ್ನೊಂದು ಬ್ರಾಂಚಿನ ಜೊತೆ ಸೇರಿತು, ಆಮೇಲೆ ಅದೂ ಹೋಯಿತು. ಯಾವ ದಿನ ಕೆಲಸ ಹೋಯಿತು ಎಂದು ಅಮ್ಮನನ್ನು ಕೇಳಿದರೆ ಅವರಿಗೆ ಹೇಳಲು ದಿನವಿಲ್ಲ. ದಿನವಿಲ್ಲದಿದ್ದರೆ ಮೆರವಣಿಗೆ ಯಾವತ್ತು ಹೊರಡಿಸುವುದು?

ಅಮ್ಮನಿಗೆ ಈಗ ಪಿ.ಎಫ್. ಪಿಂಚಣಿ ಬರುತ್ತದೆ. 2014ರಲ್ಲಿ ಕನಿಷ್ಠ ಪಿಂಚಣಿ ತಿಂಗಳಿಗೆ 1,000 ರೂಪಾಯಿ ಎಂದಾಯಿತು, ಅದರ ಆಸುಪಾಸಿನಲ್ಲೇ ಅವರದ್ದು ಇದೆ. ವರ್ಷಕ್ಕೊಮ್ಮೆ ಜೀವಂತ ಇರುವ ಪುರಾವೆ ಕೊಡಬೇಕು. ಬೆರಳಚ್ಚು ಯಂತ್ರ ಅವರ ಬೆರಳನ್ನು ಮೊದಲ ಸಲಕ್ಕೆ ಗುರುತಿಸುವುದೇ ಇಲ್ಲ. ನೂಲು ಎಳೆದೆಳೆದು ಗೆರೆ ಸವೆದಿದೆ. ಕೊನೆಗೆ ಕಣ್ಣು ತೋರಿಸಿ ಬರುತ್ತಾರೆ.

ಮಹೋತ್ಸವದ ವಸ್ತುಪ್ರದರ್ಶನಕ್ಕೆ ನಮ್ಮ ಮನೆಯ ತಗಡಿನ ಅಳತೆ, 1992ರ ಒಂದು ಲಾಗ್‌ಬುಕ್ ಮತ್ತು ಗೆರಸೆಯನ್ನು ಮುಖ್ಯೋಪಾಧ್ಯಾಯಿನಿಯವರಿಗೆ ಕೊಟ್ಟಿದ್ದೇನೆ. ಕತ್ತರಿಯನ್ನೂ ಕೇಳಿದೆ. "ಅದು ಬೇಡ ಮಾರಾಯ, ಒಳ್ಳೆ ಹರಿತ ಉಂಟು, ಮೀನು ಮಾಡಲಿಕ್ಕೆ ಬೇಕು" ಎಂದರು. ನಿಮ್ಮ ಮನೆಗಳಲ್ಲಿ ಹಳೆಯ ಪಾಸ್‌ಬುಕ್, ಬೋನಸ್ ಚೀಟಿ, ಸಂಘದ ರಶೀದಿ, ಯಾವ ಬಾವುಟದ್ದಾದರೂ ಸರಿ, ಇದ್ದರೆ ಶಾಲೆಯ ಕಚೇರಿಗೆ ತಂದುಕೊಡಿ. ಹೆಸರು ಬರೆದು ರಶೀದಿ ಕೊಡುತ್ತಾರೆ. ಪ್ರದರ್ಶನ ಮುಗಿದ ಮೇಲೆ ವಾಪಸು ಕೊಡುವ ಹೊಣೆ ನನ್ನದು.